ಉತ್ತರಕ್ಕೆ ತಲೆಯಿಟ್ಟ ಯಂತ್ರ

ಬ್ಯಾಡರಹಳ್ಳಿಯಲ್ಲಿ ಅಕ್ಕ ಭಾವ ಕಟ್ಟಿಸಿಕೊಂಡ ಮನೆಯ ಹಿಂದಿನ ಕೋಣೆಗೆ ನೆಲ ಹಾಸಿಲ್ಲ. ಅಲ್ಲಿರುವುದು ಬರೀ ಬಂಡೆ. ಪಾಯ ತೋಡುವಾಗ ಅದು ಮೇಲೆದ್ದಿತಂತೆ. ಕೂಲಿಯವರು ಸುತ್ತಿಗೆ ಹಾಕಿ ಹಾಕಿ ಸೋತರು, ಸಿಡಿಮದ್ದು ಇಡಿಸಲು ಅಕ್ಕಪಕ್ಕದವರು ಬಿಡಲಿಲ್ಲ. ಭಾವ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. "ಅದು ನಮಗಿಂತ ಮುಂಚೆ ಬಂದೈತೆ, ಇರ್ಲಿ ಬಿಡು" ಎಂದು ಬಂಡೆಯ ಸುತ್ತಲೇ ಗೋಡೆ ಎಬ್ಬಿಸಿ, ಮಿಕ್ಕ ಮೂಲೆಯಲ್ಲಿ ರಾಗಿ ಮೂಟೆ, ಹಳೆಯ ಹಂಡೆಗಳನ್ನು ಇಟ್ಟುಕೊಂಡರು. ಇಡೀ ಬಂಧುಬಳಗದಲ್ಲಿ ಆ ಬಂಡೆಯನ್ನು ಕಂಡು ಖುಷಿಪಟ್ಟವಳು ನಾನೊಬ್ಬಳೇ.

ನನ್ನ ಕೆಲಸ ಭೂಕಂಪದ ಅಲೆಗಳದು. ಹಾಗೆಂದ ಕೂಡಲೇ ಮದುವೆಮನೆಯಲ್ಲಿ ಸಿಕ್ಕವರೆಲ್ಲ, "ಬೆಂಗಳೂರಲ್ಲಿ ಯಾವಾಗ ಆಗುತ್ತೆ ಹೇಳಿ" ಎಂದು ಶುರುಮಾಡುತ್ತಾರೆ. ಕಣಿ ಹೇಳುವವಳನ್ನು ಕೇಳಿದ ಹಾಗೆ. ನನಗೆ ಮೈ ಉರಿಯುತ್ತದೆ. ನಾನು ಹುಡುಕುತ್ತಿದ್ದದ್ದು ಮುಂದೆ ಆಗುವುದನ್ನಲ್ಲ, ಎಂದೋ ಆಗಿಹೋದದ್ದನ್ನು. ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಎರಡು ಹಳೆಯ ಭೂಖಂಡಗಳು ಒಂದಕ್ಕೊಂದು ಗುದ್ದಿ, ಕಚ್ಚಿಕೊಂಡು, ಈಗ ನಾವು ಓಡಾಡುತ್ತಿರುವ ನೆಲವಾಯಿತು ಎಂದು ನಮ್ಮಲ್ಲಿ ಅನೇಕರು ನಂಬುತ್ತಾರೆ. ಗುದ್ದಿದಲ್ಲಿ ಎದ್ದ ಬೆಟ್ಟಗಳು ಸವೆದು ಹೋಗಿವೆ. ಆಳದಲ್ಲಿ ಮಾತ್ರ ಬೆಸುಗೆಯ ಗುರುತು ಉಳಿದಿದೆ. ಪಶ್ಚಿಮದ ತುಂಡು ದಪ್ಪ, ಪೂರ್ವದ್ದು ತೆಳು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎನ್ನುವುದರ ಬಗ್ಗೆ ನಮ್ಮವರ ಜಗಳ ಇನ್ನೂ ಮುಗಿದಿಲ್ಲ.

ಅಷ್ಟು ಆಳವನ್ನು ಅಗೆದು ನೋಡಲಾಗುವುದಿಲ್ಲ. ಇಂಡೋನೇಷ್ಯಾದಲ್ಲೋ ಜಪಾನಿನಲ್ಲೋ ಭೂಮಿ ನಡುಗಿದಾಗ ಅದರ ಅಲೆಗಳು ಭೂಮಿಯೊಳಗಿಂದ ಹಾದು ನಮ್ಮ ಕಾಲಡಿಗೂ ಬರುತ್ತವೆ. ಬರುವಾಗ ದಾರಿಯಲ್ಲಿ ಎಂಥ ಕಲ್ಲು ಸಿಕ್ಕಿತೋ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಹಲಸಿನ ಹಣ್ಣನ್ನು ತಟ್ಟಿ ಒಳಗಿನ ಸ್ಥಿತಿ ತಿಳಿಯುವುದಿಲ್ಲವೆ, ಹಾಗೆಯೇ ಇದೂ. ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಯಂತ್ರಗಳನ್ನಿಟ್ಟು ಕೆಲವು ವರ್ಷ ಸುಮ್ಮನೆ ಕಾಯಬೇಕು. ಯಂತ್ರ ಗಟ್ಟಿ ಬಂಡೆಯ ಮೇಲೆ ಕೂತಷ್ಟೂ ಒಳ್ಳೆಯದು. ಸಾಲಿನಲ್ಲಿ ನಗರದ ಅಂಚಿಗೆ ಬರುವ ಯಂತ್ರಕ್ಕೆ ಜಾಗ ಸಿಗದೆ ಒದ್ದಾಡುತ್ತಿದ್ದಾಗ ನನಗೆ ಅಕ್ಕನ ಮನೆಯ ಕೋಣೆ ನೆನಪಾಯಿತು.

ಯಂತ್ರವೆಂದರೆ ದೊಡ್ಡದೇನಲ್ಲ, ಐದು ಲೀಟರ್ ಕುಕ್ಕರಿನಷ್ಟು ಗಾತ್ರದ ಒಂದು ಉಕ್ಕಿನ ಡಬ್ಬಿ. ನೆತ್ತಿಯ ಮೇಲೆ ಒಂದು ಬಾಣದ ಗುರುತು. ಆ ಬಾಣ ಸರಿಯಾಗಿ ಉತ್ತರಕ್ಕಿರಬೇಕು. ಅಲೆ ಯಾವ ದಿಕ್ಕಿನಿಂದ ಬಂತು ಎನ್ನುವ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಬಂಡೆಯ ಮೇಲೆ ಸಣ್ಣ ಸಿಮೆಂಟಿನ ಕಟ್ಟೆ ಮಾಡಿಸಿ, ಡಬ್ಬಿ ಕೂರಿಸಿ, ಬಿಸಿ ಥಂಡಿ ತಾಕದಿರಲೆಂದು ಕಂಬಳಿ ಸುತ್ತಿ, ಮೇಲೆ ಥರ್ಮೋಕೋಲ್ ಪೆಟ್ಟಿಗೆ ಮುಚ್ಚಿದೆ. ದಾಖಲೆ ಹಿಡಿದಿಡುವ ಪೆಟ್ಟಿಗೆಯನ್ನು ಹೊರಗೆ ಹಜಾರದಲ್ಲಿಟ್ಟೆ. ಅದರ ಕಾರ್ಡು ಬದಲಾಯಿಸಲು ಬಂದಾಗ ಕೋಣೆಗೆ ಕಾಲಿಡುವ ಅಗತ್ಯವೇ ಬೀಳಬಾರದು ಎಂದು.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನಗಿಂತ ತುಂಬ ದೊಡ್ಡವಳು, ಅಮ್ಮನಿಗಿಂತ ಹೆಚ್ಚಾಗಿ ನನ್ನನ್ನು ಎತ್ತಿ ಬೆಳೆಸಿದವಳು. ನಾನು ಮದುವೆಯಾಗಲಿಲ್ಲ ಎನ್ನುವುದು ಅವಳ ಬಾಯಿಗೆ ಸದಾ ಸಿಗುವ ಎಲೆಯಡಿಕೆ.

"ಮದುವೆ ಬೇಡ ಅಂದೆ, ಕೊನೆಗೆ ಇದನ್ನ ಹೆತ್ತೆ. ಕಂಬಳಿ ಬೇರೆ ಹೊದಿಸ್ತಾ ಇದೀಯ. ಆ ಬಾಣ ಅದ್ರ ತಲೇನಾ?"

"ತಲೆ ಅಂತಾನೇ ಅಂದ್ಕೋ."

"ಅಯ್ಯೋ, ಉತ್ತರಕ್ಕೆ ತಲೆ ಹಾಕ್ಸಿದೀಯಲ್ಲೇ! ಹಗಲೂ ರಾತ್ರಿ ನಮ್ಮನೇಲಿ ಉತ್ತರಕ್ಕೆ ತಲೆ ಹಾಕಿ ಮಲಗುತ್ತಾ ಇದು? ಪೂರ್ವಕ್ಕೆ ಹಾಕು ಕಣೇ."

"ಅಕ್ಕ, ಇದು ಮಷಿನ್ನು. ಇದಕ್ಕೆ ಉತ್ತರಾನೇ ಬೇಕು. ನಿನ್ನ ದಮ್ಮಯ್ಯ, ಮುಟ್ಟಬೇಡ."

ಭಾವ ರಾಗಿ ಮೂಟೆಯ ಮೇಲೆ ಕೂತು ನಗುತ್ತಿದ್ದರು. "ಬೆಟ್ಟ ಅಗೆದು ಇಲಿ ಹಿಡಿದ್ರು ಅಂತ ಕೇಳಿದ್ದೆ. ನಿನ್ನ ತಂಗಿ ಇಲೀನೂ ಬಿಟ್ಟು, ಇಲ್ದೇ ಇರೋ ಬೆಟ್ಟ ಹುಡುಕ್ತಾವ್ಳೆ."

ಆಮೇಲೆ ಕೆಲವು ತಿಂಗಳಿಗೊಮ್ಮೆ ನಾನು ಆರ್‌ಪಿಸಿ ಲೇಔಟಿನ ನನ್ನ ಮನೆಯಿಂದ ಹೊರಟು, ಮಾಗಡಿ ರಸ್ತೆಯ ಬಸ್ಸು ಹಿಡಿದು ಹೋಗಿ, ಕಾರ್ಡು ಬದಲಾಯಿಸಿ, ಊಟ ಮಾಡಿಕೊಂಡು ಬರುತ್ತಿದ್ದೆ. ಅಕ್ಕನ ಒಬ್ಬಳೇ ಮಗಳು ಕೆಂಗೇರಿಯಲ್ಲಿರುತ್ತಾಳೆ, ಅಲ್ಲೇ ಒಂದು ಶಾಲೆಯಲ್ಲಿ ಟೀಚರು. ಅವಳು ಪ್ರತಿ ಭಾನುವಾರ ತಪ್ಪದೆ ಬಂದುಹೋಗುತ್ತಿದ್ದಳು. ಮಹಡಿಯ ಮೇಲೆ ವಿಜಯಪುರದ ಕಡೆಯ ಬಾಡಿಗೆಯವರಿದ್ದರು. ತುಂಬಿದ ಮನೆ.

ಆ ದಿನಗಳಲ್ಲಿ ಭಾವ ಮಾತುಗಾರರಾಗಿಬಿಟ್ಟರು. ಫೋನ್ ಮಾಡಿದರೆ ಅವರೇ ತೆಗೆಯುವರು. "ಅವ್ಳು ಸ್ನಾನಕ್ಕೆ ಹೋಗವ್ಳೆ ಕಣಮ್ಮ, ಏನ್ ಸಮಾಚಾರ ಹೇಳು" ಎನ್ನುವರು. ಅಕ್ಕನನ್ನು ಏನಾದರೂ ಕೇಳಿದರೆ ಉತ್ತರ ಅವರ ಬಾಯಿಂದ ಬರುತ್ತಿತ್ತು. ಒಮ್ಮೆ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ನಾನು ಮುಖ ಕಿವುಚುವ ಮೊದಲೇ ಭಾವ, "ಇವತ್ತು ಸಾರು ನಂದು, ಉಪ್ಪಿನ ಕೈ ಜಾಸ್ತಿ ಆಯ್ತು" ಎಂದರು. ಹೊರಡುವಾಗ ಅಕ್ಕ ನನ್ನ ಮುಖವನ್ನೇ ನೋಡಿ, "ಹುಷಾರಾಗಿ ಹೋಗಿ ಬನ್ನಿ" ಎಂದಳು. ನನಗೆ ಬಹುವಚನ! ತಮಾಷೆ ಮಾಡುತ್ತಿದ್ದಾಳೆಂದುಕೊಂಡು ನಾನೂ, "ಆಗಲಿ ಮೇಡಂ" ಎಂದೆ. ಭಾವ ಜೋರಾಗಿ ನಕ್ಕರು. ನಿವೃತ್ತರಾದ ಗಂಡಸರಿಗೆ ಬಾಯಿ ಬರುತ್ತದೆ, ಹೆಂಗಸರಿಗೆ ಬೇಸರ ಬರುತ್ತದೆ ಎಂದುಕೊಂಡು ಬಸ್ಸು ಹತ್ತಿದೆ.

ಒಂದು ಬೆಳಿಗ್ಗೆ ಭಾವ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಅವರನ್ನು ಹಜಾರದಲ್ಲಿ ಮಲಗಿಸಿದ್ದೆವು. ಬಂದವರೆಲ್ಲ ಅಳುತ್ತಿದ್ದರೆ ಅಕ್ಕ ಮಾತ್ರ ಅಳದೆ, "ಇವ್ರನ್ನ ಯಾಕೆ ಹಿಂಗೆ ಮಲಗ್ಸಿದೀರಿ, ತಲೆ ಆ ಕಡೆ ಹಾಕ್ಬೇಕು" ಎಂದು ಹೆಣದ ಭುಜ ಹಿಡಿದು ತಿರುಗಿಸಲು ಹೋದಳು. ಅವಳು ತೋರಿಸಿದ ಕಡೆ ಬಚ್ಚಲಿತ್ತು. ಹೆಂಗಸರು ಅವಳನ್ನು ಹಿಡಿದುಕೊಂಡರು. "ಪಾಪ, ತಲೆ ಕೆಟ್ಟೋಯ್ತು ಈ ದುಃಖಕ್ಕೆ" ಎಂದು ಅಲ್ಲೇ ಯಾರೋ ಹೇಳಿದ್ದು ನನಗೆ ಕೇಳಿಸಿತು.

ತಿಥಿ ಮುಗಿದ ಮೇಲೂ ಅಕ್ಕ ಸರಿಹೋಗಲಿಲ್ಲ. ಒಲೆ ಹಚ್ಚಿ ಮರೆಯುವಳು, ಮಹಡಿಯವರ ಬಾಗಿಲು ಬಡಿದು ಭಾವನನ್ನು ಕೇಳುವಳು. ಮಗಳು ಒಂದಷ್ಟು ವಾರ ರಜೆ ಹಾಕಿ ಅಲ್ಲಿದ್ದು ಏಗಿ, ಕೊನೆಗೆ ಕೆಂಗೇರಿಯ ತನ್ನ ಫ್ಲಾಟಿಗೆ ಕರೆದುಕೊಂಡು ಹೋದಳು. ಅಲ್ಲಿ ಹೋದ ಮೇಲೆ ಅಕ್ಕ ಪೂರಾ ಕಳೆದುಹೋದಳು. ಮಗಳನ್ನೇ, "ನೀವು ಯಾರ ಮನೆಯವ್ರು?" ಎಂದು ಕೇಳಿದಳು. ನನ್ನ ಬಗ್ಗೆ ಹೇಳುವುದೇ ಬೇಡ.

ಭಾವನ ಅಕ್ಕ ಒಬ್ಬರಿದ್ದಾರೆ. ನಾಲಿಗೆಗೆ ಮೂಳೆಯಿಲ್ಲದ ಹೆಂಗಸು. "ಕಟ್ಕೊಂಡ ಮನೆ ಬಿಡ್ಸಿ ತಾಯೀನ ಆ ಬೆಂಕಿಪೊಟ್ಟಣದೊಳಕ್ಕೆ ತುಂಬಿದ್ಲು, ಇರೋ ಬುದ್ಧೀನೂ ಹೋಯ್ತು. ಗಂಡ ಇರೋಗಂಟ ಹೆಂಗಿದ್ಲು!" ಎಂದು ಊರೆಲ್ಲ ಹೇಳಿಕೊಂಡು ಬಂದರು. ಆಡುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೆ? ನಾನು ಅವರೊಡನೆ ಜಗಳವಾಡಿದೆ, ಪ್ರಯೋಜನವಾಗಲಿಲ್ಲ. ಏಕೆಂದರೆ ಅಕ್ಕನ ಮಗಳೇ ಅದನ್ನು ನಂಬಿಬಿಟ್ಟಿದ್ದಳು. ರಾಜಾಜಿನಗರದ ಡಾಕ್ಟರು ಎಷ್ಟು ದಿನದಿಂದ ಹೀಗೆ ಎಂದು ಕೇಳಿದಾಗ, "ನಾನು ಕರ್ಕೊಂಡು ಬಂದ ಮೇಲೆ ಸಾರ್" ಎಂದಳು. ಇದು ಒಂದೆರಡು ತಿಂಗಳಲ್ಲಿ ಬರುವ ಕಾಯಿಲೆಯಲ್ಲ ಎಂದು ಅವರು ಹೇಳಿದರೆ ಹೊರಗೆ ಬಂದು, "ಸಮಾಧಾನಕ್ಕೆ ಹೇಳ್ತಾರೆ ಚಿಕ್ಕಮ್ಮ. ಪ್ರತಿ ಭಾನುವಾರ ನೋಡ್ತಾ ಇದ್ನಲ್ಲ ನಾನು. ಚೆನ್ನಾಗೇ ಇದ್ರು. ನಾನೇ ಹಾಳ್ಮಾಡ್ದೆ" ಎಂದು ಅತ್ತಳು. ನಿದ್ದೆಯಿಲ್ಲದೆ ಅವಳ ಮುಖ ಬಾಡಿಹೋಗಿತ್ತು. ತಾಯಿಯ ಮೇಲೆ ರೇಗುವಳು, ರೇಗಿದ್ದಕ್ಕೆ ಅಳುವಳು. ಅಕ್ಕ ಮಂಚದ ಮೇಲಿನ ದಿಂಬನ್ನು ದಿನಾ ಎಲ್ಲೆಲ್ಲಿಗೋ ಸರಿಸುತ್ತಿದ್ದಳು, ಕಾಲಿನ ಕಡೆಗೆ, ನಡುವಿಗೆ, ನೆಲಕ್ಕೆ. "ಸುಮ್ನಿರಮ್ಮ, ಅಲ್ಲೇ ಇರ್ಲಿ ಅದು!" ಎಂದು ಮಗಳು ಕಿರುಚಿದ್ದನ್ನು ನಾನೇ ಕೇಳಿದ್ದೇನೆ. ಒಬ್ಬರನ್ನು ಕಳೆದುಕೊಂಡಾಗಿತ್ತು, ಇನ್ನೊಬ್ಬರು ಕಣ್ಣೆದುರೇ ಹೋಗುತ್ತಿದ್ದರು, ಈಗ ಇವಳೂ ಕೈಬಿಟ್ಟು ಹೋಗುತ್ತಾಳೆಂದು ನನಗೆ ಭಯವಾಯಿತು.

ಬ್ಯಾಡರಹಳ್ಳಿಯ ಮನೆಗೆ ಬೀಗ ಬಿತ್ತು. ಮಹಡಿಯವರೂ ಬೇರೆ ಕಡೆ ಹೋದರು. ನಮ್ಮ ಕೆಲಸದ ಅವಧಿ ಮುಗಿದಾಗ ಯಂತ್ರಗಳನ್ನೆಲ್ಲ ತೆಗೆದು, ಅಲ್ಲಿಯವರೆಗೆ ತೆರೆದು ನೋಡದೆ ಕೂಡಿಟ್ಟಿದ್ದ ಕಾರ್ಡುಗಳ ದಾಖಲೆಗಳನ್ನು ಒಟ್ಟುಮಾಡಿದೆವು. ಅಕ್ಕನ ಮನೆಯ ಯಂತ್ರ ತೆಗೆಯಲು ನನಗೆ ಹೋಗಲಾಗಲಿಲ್ಲ. ಸಹೋದ್ಯೋಗಿಯೊಬ್ಬರು ಹೋಗಿ ಕಂಬಳಿ ಸಮೇತ ಎತ್ತಿ ತಂದರು.

ದಾಖಲೆ ಕೈಗೆ ಬಂದ ಮೇಲೆ ನಾವು ಮಾಡುವ ಮೊದಲ ಪರೀಕ್ಷೆಯೊಂದಿದೆ. ಭೂಕಂಪ ಎಲ್ಲಿ ಆಯಿತೆಂದು ಲೋಕಕ್ಕೇ ಗೊತ್ತಿರುತ್ತದೆ, ಅಲೆಯ ಮೊದಲ ತಳ್ಳು ಆ ದಿಕ್ಕಿನಿಂದಲೇ ಬಂದಿರಬೇಕು. ಮಿಕ್ಕ ಯಂತ್ರಗಳೆಲ್ಲ ಸರಿಯಾಗಿ ಹೇಳಿದವು. ಅಕ್ಕನ ಮನೆಯ ಯಂತ್ರ ಮಾತ್ರ ಇಂಡೋನೇಷ್ಯಾದ ಭೂಕಂಪವನ್ನು ಚೀನಾದ ಕಡೆಯಿಂದ ಬಂತು ಎಂದಿತು. "ಈ ಸ್ಟೇಷನ್ ಬಿಟ್ಬಿಡೋಣ ಮೇಡಂ" ಎಂದರು ಸಹೋದ್ಯೋಗಿ. ನಾನು ಹಟಮಾರಿ. ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕ ಹಾಕಿದೆ. ಯಂತ್ರ ಕಾಲು ಸುತ್ತು ತಿರುಗಿತ್ತು. ಬಾಣ ನೆಟ್ಟಗೆ ಪೂರ್ವಕ್ಕೆ.

ಒಬ್ಬಳೇ ಗಟ್ಟಿಯಾಗಿ ನಕ್ಕೆ. ಯಾವಾಗ ತಿರುಗಿತೆಂದು ಹಿಂದೆ ಹೋಗಿ ನೋಡಿದರೆ ಮೊದಲ ವರ್ಷದ ಆಯುಧಪೂಜೆಯ ದಿನ. ಕೋಣೆಯೊಳಗೆ ಯಾರು ಕಾಲಿಟ್ಟರೂ ಆ ಯಂತ್ರಕ್ಕೆ ತಿಳಿಯುತ್ತದೆ. ಚುರುಕಾದ ಹಗುರ ಹೆಜ್ಜೆಗಳು, ಪೆಟ್ಟಿಗೆ ತೆಗೆದದ್ದು, ಒಂದು ದೊಡ್ಡ ಅಲುಗಾಟ, ಮತ್ತೆ ಹೆಜ್ಜೆಗಳು. ಒರೆಸಿ, ಅರಿಸಿನ ಕುಂಕುಮ ಇಟ್ಟು, ಗೋಡೆಯ ಸಾಲಿಗೆ ಹೊಂದಿಸಿ ಪೂರ್ವಕ್ಕೆ ತಲೆ ಹಾಕಿಸಿ ಮಲಗಿಸಿದ್ದಾಳೆ ನನ್ನ ಮಗುವನ್ನು. ಮುಟ್ಟಬೇಡ ಎಂದಿದ್ದೆನಲ್ಲ! ಅಕ್ಕ ಅಕ್ಕನಾಗಿದ್ದಿದ್ದರೆ ಆ ಕ್ಷಣವೇ ಫೋನ್ ಮಾಡಿ ಬೈಯುತ್ತಿದ್ದೆ, ಅವಳು ನನ್ನ ಎರಡರಷ್ಟು ಬೈಯುತ್ತಿದ್ದಳು. ಮುಂದಿನ ವರ್ಷದ ಆಯುಧಪೂಜೆಗೂ ಅದೇ ಹೆಜ್ಜೆ, ಅದೇ ಪೂರ್ವ. ಯಂತ್ರ ಕದಲದೆ ಕೂತಿದ್ದರೆ ಎಷ್ಟು ತಿರುಗಿದೆಯೋ ಅಷ್ಟನ್ನು ಲೆಕ್ಕದಲ್ಲಿ ವಾಪಸ್ಸು ತಿರುಗಿಸಬಹುದು, ಕೆಡುವುದೇನಿಲ್ಲ. ಹಾಗೆಂದು ಮುಂದಕ್ಕೆ ಹೋದೆ.

ಮುಂದಕ್ಕೆ ಹೋದ ಮೇಲೆ ನಗು ನಿಂತಿತು. ಹಬ್ಬವಿಲ್ಲ ಏನಿಲ್ಲ, ಒಂದು ಮಧ್ಯಾಹ್ನ ಯಂತ್ರ ತಿರುಗಿತ್ತು. ಸಮುದ್ರದ ಅಲೆಗಳು ದಡಕ್ಕೆ ಬಡಿಯುವುದರಿಂದ ನೆಲ ಯಾವಾಗಲೂ ಸಣ್ಣಗೆ ಮಿಡಿಯುತ್ತಿರುತ್ತದೆ, ಪಕ್ಕದ ಯಂತ್ರದ ಮಿಡಿತದೊಡನೆ ಹೋಲಿಸಿದರೆ ದಿಕ್ಕು ಅಂದಾಜಿಗೆ ತಿಳಿಯುತ್ತದೆ. ಅದು ಪೂರ್ವವಲ್ಲ, ಯಾವ ದಿಕ್ಕೂ ಅಲ್ಲ. ಮೂಲೆಗೆಲ್ಲೋ ಮುಖ ಮಾಡಿತ್ತು. ಹೆಜ್ಜೆಗಳು ಅಕ್ಕನವೇ, ಆದರೆ ಕೋಣೆಯೊಳಗೆ ಸುತ್ತಿ ಸುತ್ತಿ ನಿಂತು ಮತ್ತೆ ಸುತ್ತುತ್ತಿದ್ದವು. ಕೆಲವು ದಿನಗಳಾದ ಮೇಲೆ ಮತ್ತೆ ಹಾಗೆಯೇ, ಇನ್ನೊಂದು ಕಡೆಗೆ. ಆಮೇಲೆ ಹೆಚ್ಚುಕಡಿಮೆ ದಿನಾ. ಯಂತ್ರ ಉತ್ತರಕ್ಕೆ ತಲೆ ಹಾಕಿ ಮಲಗಿದೆ ಎನ್ನುವ ಅಳುಕು ಅವಳಲ್ಲಿ ಉಳಿದಿತ್ತು. ಅದನ್ನು ತಾನೇ ಸರಿಮಾಡಿದ್ದು ನೆನಪಿರಲಿಲ್ಲ. ಪೂರ್ವ ಯಾವ ಕಡೆ ಎನ್ನುವುದೂ ಅವಳಿಂದ ಹೋಗಿತ್ತು. ಇದೆಲ್ಲ ಭಾವ ಬದುಕಿದ್ದಾಗ, ಅವರು ಹೋಗುವುದಕ್ಕೆ ಒಂದು ವರ್ಷ ಮೊದಲು.

ಪ್ರತಿಸಲವೂ ಅವಳು ಹೋದ ಮೇಲೆ, ಸಂಜೆ ಹಾಲು ತರುವ ಹೊತ್ತಿಗೆ, ಬೇರೆ ಹೆಜ್ಜೆಗಳು ಬರುತ್ತಿದ್ದವು. ಒಂದು ಭಾರ, ಒಂದು ಹಗುರ. ಒಂದು ಭಾರ, ಒಂದು ಹಗುರ. ಮೊಣಕಾಲಿನ ಆಪರೇಷನ್ ಆದ ಮೇಲೆ ಭಾವ ಹಾಗೆ ನಡೆಯುತ್ತಿದ್ದರು. ಸಂಜೆ ಹಾಲಿಗೆ ಹೋಗುತ್ತಿದ್ದವರೂ ಅವರೇ. ನೇರವಾಗಿ ಬಂದು, ಸ್ವಲ್ಪ ನಿಂತು, ಯಂತ್ರವನ್ನು ಒಂದೇ ಸಲಕ್ಕೆ ಪೂರ್ವಕ್ಕೆ ತಿರುಗಿಸಿ, ಪೆಟ್ಟಿಗೆ ಮುಚ್ಚಿ ಹೋಗುತ್ತಿದ್ದರು. ಉತ್ತರಕ್ಕಲ್ಲ, ನನಗೆ ಬೇಕಾದ ಕಡೆಗಲ್ಲ. ಅವಳಿಗೆ ಬೇಕಾಗಿದ್ದ ಕಡೆಗೆ. ನಾಳೆ ಅವಳು ಮತ್ತೆ ಬಂದು ನೋಡಿದರೆ ಎಲ್ಲ ಸರಿಯಾಗಿರಲಿ, ತಾನೇ ಇಟ್ಟಂತಿರಲಿ ಎಂದು.

ಸಾರಿನ ಉಪ್ಪು ಯಾರ ಕೈಯದೆಂದು ನನಗೆ ಆಗ ತಿಳಿಯಿತು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಭಾವ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಅವರು ಹೋದ ಮೇಲಿನ ದಾಖಲೆಯಲ್ಲಿ ಮಧ್ಯಾಹ್ನದ ಹೆಜ್ಜೆಗಳಿವೆ, ಸಂಜೆಯವಿಲ್ಲ. ಯಂತ್ರ ಅವಳು ತಿರುಗಿಸಿದ ಕಡೆಗೇ ಇರುತ್ತಿತ್ತು. ಆಮೇಲೆ ಮನೆಗೆ ಬೀಗ ಬಿದ್ದ ಮೇಲಿನ ತಿಂಗಳುಗಳು. ಹೆಜ್ಜೆಯಿಲ್ಲ, ಮಿಕ್ಸಿಯಿಲ್ಲ, ಬಾಗಿಲು ಬಡಿದ ಸದ್ದಿಲ್ಲ. ಅಷ್ಟು ಶುದ್ಧವಾದ ದಾಖಲೆ ಇಡೀ ಸಾಲಿನಲ್ಲೇ ನಮಗೆ ಸಿಗಲಿಲ್ಲ. ಅಕ್ಕ ಕೊನೆಯ ಸಲ ಇಟ್ಟುಹೋದ ಆ ಓರೆಯನ್ನು ಲೆಕ್ಕದಲ್ಲಿ ತಿರುಗಿಸಿಕೊಂಡ ಮೇಲೆ, ಬಂಡೆಯ ಕೆಳಗೆ ಬಹು ಆಳದಲ್ಲಿ ದಪ್ಪ ತುಂಡಿನ ಅಂಚು ಇಳಿಜಾರಾಗಿ ತೆಳು ತುಂಡಿನಡಿಗೆ ಹೋಗುವುದು ಚೆನ್ನಾಗಿ ಮೂಡಿತು. ಸಹೋದ್ಯೋಗಿಗಳು ನನ್ನ ಕೈ ಕುಲುಕಿದರು. ನಾನು ಇಷ್ಟು ವರ್ಷ ಹುಡುಕಿದ್ದು ಅದನ್ನೇ, ಆದರೂ ಸಂತೋಷವಾಗಲಿಲ್ಲ.

ಲ್ಯಾಪ್‌ಟಾಪ್ ಹಿಡಿದುಕೊಂಡು ಮೆಟ್ರೋದಲ್ಲಿ ಕೆಂಗೇರಿಗೆ ಹೋದೆ. ಅಕ್ಕ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸಿದೆ. ಡಾಕ್ಟರ ಮಾತನ್ನು ನಂಬದವಳು ಇದನ್ನು ಹೇಗೆ ನಂಬುತ್ತಾಳೋ ಎನ್ನುವ ಅನುಮಾನ ನನಗಿತ್ತು. ಸಂಜೆಯ ಗೆರೆಗಳು ಬಂದಾಗ ಪರದೆಯನ್ನು ಅವಳ ಕಡೆ ತಿರುಗಿಸಿದೆ. ದೊಡ್ಡ ಗೀಟು, ಚಿಕ್ಕ ಗೀಟು, ದೊಡ್ಡದು, ಚಿಕ್ಕದು. ಅವಳು ಪರದೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದಳು.

"ಇದು ಅಪ್ಪ."

"ಹೂಂ."

"ಅಪ್ಪನಿಗೆ ಗೊತ್ತಿತ್ತು."

"ಗೊತ್ತಿತ್ತು ಕಣೇ. ನಿನ್ನಿಂದ ಏನೂ ಆಗಿಲ್ಲ. ನೀನು ಕರ್ಕೊಂಡು ಬರೋ ಹೊತ್ತಿಗೆ ಎಲ್ಲಾ ಆಗೋಗಿತ್ತು."

ಅವಳ ಮುಖ ಹಗುರವಾಗುತ್ತದೆಂದು ನಾನು ಕಾದೆ. ಆಗಲಿಲ್ಲ. "ಭಾನುವಾರ ಹೋದಾಗ ಅಮ್ಮನಿಗೆ ತಲೆನೋವು, ಮಲಗವ್ಳೆ, ಎಬ್ಬಿಸ್ಬೇಡ ಅನ್ನೋರು ಚಿಕ್ಕಮ್ಮ. ಒಂದು ಸಲ ಅಲ್ಲ, ಎಷ್ಟು ಸಲ. ಒಬ್ರೇ ಮಾಡ್ತಾ ಇದ್ರಾ ಇದನ್ನೆಲ್ಲ? ನಂಗ್ಯಾಕೆ ಹೇಳ್ಲಿಲ್ಲ?" ಎಂದು ನನ್ನ ತೋಳು ಹಿಡಿದು ಅಲುಗಿಸಿದಳು. ಭಾವನ ಮನಸ್ಸಿನಲ್ಲಿ ಏನಿತ್ತೋ. ಹೇಳಿದ್ದರೆ ಅವಳು ಆಗಲೇ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದಳೆಂದು ಹೆದರಿದರೋ, ಅಥವಾ ಹೆಂಡತಿಯ ಮಾನ ಕಾಯುತ್ತಿದ್ದರೋ. ಇಬ್ಬರೂ ಅತ್ತೆವು. ಅಕ್ಕ ಬಾಲ್ಕನಿಯಿಂದ ತಿರುಗಿ ನೋಡಿ, "ಅಳ್ಬೇಡಿ, ಕಾಫಿ ಕುಡ್ಕೊಂಡು ಹೋಗಿ" ಎಂದಳು.

ಮತ್ತೆ ಕೆಲವು ವಾರ ಬಿಟ್ಟು ಹೋದಾಗ ಕೋಣೆಯಲ್ಲಿ ಮಂಚ ತಿರುಗಿತ್ತು. ತಲೆಯ ಭಾಗ ಈಗ ಪೂರ್ವದ ಗೋಡೆಗಿತ್ತು. ಅದರಿಂದ ಬೀರುವಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು, ಅಕ್ಕನ ಮಗಳು ಆ ಸಂದಿಯಲ್ಲಿ ಕೈತೂರಿಸಿ ಸೀರೆ ಎಳೆದುಕೊಳ್ಳುತ್ತಿದ್ದಳು. ದಿಂಬು ಮಾತ್ರ ಎಂದಿನಂತೆ ಕಾಲಿನ ಕಡೆ ಬಿದ್ದಿತ್ತು. ಅವಳು ಕಿರುಚಲಿಲ್ಲ. ಅಕ್ಕ ಎದ್ದು ಬಾಲ್ಕನಿಗೆ ಹೋಗುವವರೆಗೂ ಕಾದು, ಆಮೇಲೆ ಸದ್ದಾಗದಂತೆ ಬಂದು, ದಿಂಬನ್ನು ಎತ್ತಿ ಪೂರ್ವಕ್ಕೆ ಇಟ್ಟು, ಹೊದಿಕೆಯನ್ನು ಕೈಯಿಂದ ಸವರಿ ಅಡುಗೆಮನೆಗೆ ಹೋದಳು. ಹಾಲು ಕಾಯಿಸುವ ಹೊತ್ತಾಗಿತ್ತು.

ಅಕ್ಕ ಒಳಗೆ ಬಂದಳು. ಮಂಚದ ಬಳಿ ನಿಂತು ದಿಂಬನ್ನು ಮುಟ್ಟಿ ನೋಡಿದಳು. ನನ್ನನ್ನು ನೋಡಿದಳು, ಗುರುತು ಹತ್ತಲಿಲ್ಲ. ಬಾಗಿಲ ಕಡೆ ನೋಡಿದಳು.

"ಅವ್ರು ಬಂದಿದ್ರಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಲ್ಲಿಂದಲೇ ಮಗಳು ಹೇಳಿದಳು, "ಹೂಂ ಅಮ್ಮ. ಈಗ ತಾನೇ ಹಾಲಿಗೆ ಹೋದ್ರು."

ಅಕ್ಕ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಪೂರ್ವಕ್ಕೆ ತಲೆಯಿಟ್ಟು ಮಲಗಿದಳು.